ಬಟ್ಟೆಯ ಹಿಂದಿನ ತಗಡು

ಕೆಳಮನೆಯ ಕಾಕಾ ಹಾಲಿನ ಪಾಕೀಟನ್ನು ಬೆಳಕಿಗೆ ಹಿಡಿದು ನೋಡದೆ ಒಳಗೆ ಒಯ್ದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ತಮ್ಮದೇ ತೂಕದ ಕೊಕ್ಕೆಗೆ ಹಾಕಿಸಿ ತೂಗುತ್ತಿದ್ದರು. ನೀರಿನ ಟ್ಯಾಂಕು ತೊಳೆದಾಯಿತೆಂದು ವಾಚ್‌ಮನ್ ಹೇಳಿದರೆ ಏಣಿ ಹತ್ತಿ, ಮುಚ್ಚಳ ಸರಿಸಿ, ಒಳಗೋಡೆಯನ್ನು ಬೆರಳಿನಿಂದ ಸವರಿ ಇಳಿಯುತ್ತಿದ್ದರು. ಮಲ್ಕಾಜ್‌ಗಿರಿಯ ನಮ್ಮ ಮೂರಂತಸ್ತಿನ ಕಟ್ಟಡದಲ್ಲಿ ತೆಲುಗಿನವರು ಅವರಿಗೆ ‘ಅನುಮಾನಂ ಅಂಕುಲ್’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರ ಮಾಡಿಕೊಂಡಿರಲಿಲ್ಲ. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೇಳದೆ ಯಾರಾದರೂ ತಮ್ಮ ಹೆಸರನ್ನು ಕಾಗದದ ಮೇಲೆ ಬರೆದರೆ, ಯಾಕೆ ಬರೆದರೆಂದು ಅವರು ಮೂರು ದಿನ ಯೋಚಿಸುತ್ತಿದ್ದರು.

ಯಾದಗಿರಿ ಕಡೆಯವರು. ರೈಲ್ವೆಯ ಬೋಗಿ ರಿಪೇರಿ ಕಾರ್ಖಾನೆಯಲ್ಲಿ ಸೀಟುಗಳಿಗೆ, ಬರ್ತುಗಳಿಗೆ ರೆಕ್ಸಿನ್ ಹೊದಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ವರ್ಷಗಟ್ಟಲೆ ಅಂಟು ಹಿಡಿದು ಗಾಜಿನಂತೆ ನುಣುಪಾಗಿದ್ದವು. ಫೋನಿನ ಬೀಗ ಅವರ ಬೆರಳಚ್ಚನ್ನು ಗುರುತಿಸುತ್ತಿರಲಿಲ್ಲ. ಅದಕ್ಕೆ ಅವರು ಫೋನನ್ನೇ ಶಂಕಿಸುತ್ತಿದ್ದರು.

ಯಾರ ಮನೆಗೆ ಹೋದರೂ ಕೂರುವ ಮೊದಲು ಕುಶನ್ ಎತ್ತಿ ಕೆಳಗೆ ನೋಡುವುದು ಅವರ ರೂಢಿ. ನಮ್ಮ ಮನೆಗೆ ಮೊದಲ ಸಲ ಬಂದಾಗ ಹೊಸ ಸೋಫಾದ ಕುಶನ್ನನ್ನು ತಿರುವಿ, ಹೊಲಿಗೆಯನ್ನು ಒತ್ತಿ, “ಒಳಗ ಸ್ಪಂಜ್ ಇಲ್ರಿ, ಚೂರು ತುಂಬ್ಯಾರ” ಎಂದರು. ನಾನು ಆಗಿನ್ನೂ ಚಹಾ ತಂದಿಟ್ಟಿರಲಿಲ್ಲ. ಅವರು ಹೋದ ಮೇಲೆ ಜಿಪ್ ಬಿಚ್ಚಿ ನೋಡಿದೆ. ಚೂರುಗಳೇ ಇದ್ದವು. ಅಂಗಡಿಯವನ ಮೇಲೆ ಬರಬೇಕಾದ ಸಿಟ್ಟು ಇವರ ಮೇಲೆ ಬಂತು.

ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಆಕೆ ನಗುವವಳು. ಗಂಡ ಪೇಟೆಗೆ ಹೊರಟಾಗ ಹೊರಗಿನಿಂದ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಾನೆಂದೂ, ತಾನು ಒಳಗೇ ಇದ್ದೇನೆಂಬುದು ಅವನಿಗೆ ಬೀದಿಯ ತಿರುವಿನಲ್ಲಿ ನೆನಪಾಗುತ್ತದೆಂದೂ ಹೇಳಿ ನಗುತ್ತಿದ್ದಳು.

ನಾನು ರಕ್ಷಣಾ ಇಲಾಖೆಯ ಒಂದು ಘಟಕದಲ್ಲಿ ಪ್ರಯೋಗಾಲಯದ ಸಹಾಯಕಿ. ನನ್ನ ಗಂಡನಿಗೆ ಆಗ ವಿಶಾಖಪಟ್ಟಣದಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಿದ್ದರು. ಮಗಳು ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಿದ್ದಳು. ಬೆಳಿಗ್ಗೆ ಅವಳನ್ನು ಮೊದಲು ಶಾಲೆಗೆ, ಆಮೇಲೆ ಕಾಲೇಜಿಗೆ ಬಿಟ್ಟು ನಾನು ಕೆಲಸಕ್ಕೆ ಹೋಗಬೇಕಾಗಿದ್ದರಿಂದ ಹಳೆಯ ಸಣ್ಣ ಕಾರೊಂದನ್ನು ಕೊಂಡಿದ್ದೆವು. ಕೊಡಿಸಿದವನು ನನ್ನ ಅಣ್ಣ. ಅವನದು ಸನತ್‌ನಗರದಲ್ಲಿ ಲೇಥ್ ಮಶೀನಿನ ಶೆಡ್ಡು. ಬೀದರಿನಲ್ಲಿ ಅಪ್ಪ ತೀರಿದಾಗ ಅವನಿಗೆ ಹತ್ತೊಂಬತ್ತು, ನನಗೆ ಹನ್ನೊಂದು. ತನ್ನ ಓದು ಬಿಟ್ಟು ನನ್ನನ್ನು ಓದಿಸಿದ. ಅವನು ‘ಒಳ್ಳೆ ಗಾಡಿ’ ಎಂದರೆ ನನಗೆ ಅದರ ಮೇಲೆ ಇನ್ನೊಂದು ಮಾತು ಬೇಕಿರಲಿಲ್ಲ.

ಬೆಳ್ಳಿಬಣ್ಣದ ಆ ಕಾರು ನಾಲ್ಕು ವರ್ಷ ಚೆನ್ನಾಗಿಯೇ ಓಡಿತು. ಐದನೆಯ ಬೇಸಿಗೆಗೆ ಒಳಚಾವಣಿಯ ಬಟ್ಟೆ ಇಳಿಯತೊಡಗಿತು. ಮೊದಲು ಹಿಂದಿನ ಸೀಟಿನ ಮೇಲೆ ಒಂದು ಗುಳ್ಳೆಯಂತೆ ಕಂಡಿತು. ತಿಂಗಳೊಪ್ಪತ್ತಿನಲ್ಲಿ ಇಡೀ ಬಟ್ಟೆ ತೊಟ್ಟಿಲಿನ ಹಾಗೆ ಜೋತುಬಿದ್ದು ನನ್ನ ತಲೆಗೆ ತಾಗುತ್ತಿತ್ತು. ಮಗಳು ಹಿಂದಿನ ಸೀಟಿನಲ್ಲಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ಕಾಲೇಜಿನ ಮುಂದೆ ಇಳಿಯುವಾಗ ಅವಳ ಕೂದಲ ತುಂಬ ಕಡಲೆಹಿಟ್ಟಿನಂಥ ಹಳದಿ ಪುಡಿ ಇರುತ್ತಿತ್ತು. ಆಫೀಸಿನ ನೋಟೀಸ್ ಬೋರ್ಡಿನ ಪಿನ್ನುಗಳನ್ನು ತಂದು ಚುಚ್ಚಿದೆ. ರಸ್ತೆಯುಬ್ಬು ಹಾರಿದಾಗಲೆಲ್ಲ ಪಿನ್ನು ಉದುರುತ್ತಿತ್ತು. ಸೀಟ್ ಕವರಿನ ಅಂಗಡಿಯವನೊಬ್ಬ ಅಲ್ಲಲ್ಲಿ ಅಂಟು ಹಚ್ಚಿ ಒತ್ತಿದ, ಎಂಟು ದಿನಕ್ಕೆ ಮತ್ತೆ ಇಳಿಯಿತು. ಒಂದು ದಿನ ಫ್ಲೈಓವರಿನ ಮೇಲೆ ಕಿಟಕಿಯ ಗಾಳಿಗೆ ಬಟ್ಟೆ ಉಬ್ಬಿ ನನ್ನ ಕಣ್ಣಿಗೇ ಮುಸುಕು ಹಾಕಿತು. ಹಿಂದಿನಿಂದ ಮಗಳು ಕೈಚಾಚಿ ಎಳೆಯದಿದ್ದರೆ ಏನಾಗುತ್ತಿತ್ತೋ.

ಆವತ್ತು ಸಂಜೆ ಗಾಡಿ ನಿಲ್ಲಿಸುವಾಗ ಕಾಕಾ ಬಂದು ಬಾಗಿಲಿನಿಂದ ತಲೆ ತೂರಿಸಿ ನೋಡಿದರು. ಬಟ್ಟೆಯನ್ನು ಚಿವುಟಿ, ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದರು.

“ಅಂಟಿಂದು ತಪ್ಪಲ್ರಿ, ಬಟ್ಟಿಂದೂ ತಪ್ಪಲ್ಲ. ನಡುವಿನ ಸ್ಪಂಜು ಬಿಸಿಲಿಗೆ ಹಿಟ್ಟಾಗೇತಿ. ಹಿಟ್ಟಿಗೆ ಅಂಟು ಹಚ್ಚಿದ್ರ ಏನು ಹಿಡಿತೈತಿ? ಹೊರಗ ಯಾರ ಕೈಯಾಗೂ ಕೊಡಬ್ಯಾಡ್ರಿ. ನಾ ಮಾಡಿಕೊಡ್ತೀನಿ.”

ಬಟ್ಟೆ, ಅಂಟು ನಾನು ತಂದರೆ ಸಾಕು, ಕೂಲಿ ಬೇಡ ಎಂದರು. ನನಗೆ ಸಂಶಯ ಹುಟ್ಟಿದ್ದು ಅಲ್ಲೇ. ಓದಿ ಮುಗಿಸಿದ ಪೇಪರನ್ನೂ ಪಕ್ಕದ ಮನೆಗೆ ಕೊಡದ ಮನುಷ್ಯ, ಎರಡು ದಿನದ ಕೆಲಸವನ್ನು ಪುಕ್ಕಟೆ ಯಾಕೆ ಮಾಡಿಕೊಡುತ್ತಾರೆ? ಒಂದು ತಿಂಗಳ ಹಿಂದೆ ಅವರೇ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ಈ ಗಾಡಿ ಮಾರುವುದಿದ್ದರೆ ಮೊದಲು ತಮಗೆ ತಿಳಿಸಬೇಕು ಎಂದಿದ್ದರು. ಅದೂ ನೆನಪಾಯಿತು. ಆದರೂ ಶನಿವಾರ ಬೆಳಿಗ್ಗೆ ಕೀಲಿಕೈ ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು ಎಂದು ಒಪ್ಪಲೇಬೇಕು. ಆದರೆ ನಾನು ಬಾಲ್ಕನಿಯಿಂದ ನೋಡುತ್ತಿದ್ದುದು ಕಾವಲಿಗಾಗಿ. ಒಳಗಿನ ದೀಪ, ಬಿಸಿಲುತಡೆಗಳು, ಕೈಹಿಡಿಗಳು, ಬಾಗಿಲಿನ ಸುತ್ತಲಿನ ರಬ್ಬರು, ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ಸ್ಕ್ರೂಗಳನ್ನು ಬೇರೆಬೇರೆ ಬಟ್ಟಲಿಗೆ ಹಾಕಿದರು. ಮುಂದಿನ ಸೀಟುಗಳನ್ನು ಹಿಂದಕ್ಕೆ ಮಲಗಿಸಿ, ಬಟ್ಟೆ ಅಂಟಿದ್ದ ದೊಡ್ಡ ರಟ್ಟಿನ ಹಲಗೆಯನ್ನು ಹಿಂಬಾಗಿಲಿನಿಂದ ಮಗುವನ್ನು ಎತ್ತುವ ಹಾಗೆ ಹೊರತೆಗೆದರು. ಟೆರೇಸಿನ ಮೇಲೆ ಎರಡು ಬೆಂಚು ಜೋಡಿಸಿ ಅದರ ಮೇಲೆ ಹಲಗೆ ಇಟ್ಟು, ಹಳೆಯ ಬಟ್ಟೆ ಸುಲಿದು, ಹಿಟ್ಟಾದ ಸ್ಪಂಜನ್ನು ಬ್ರಶ್ಶಿನಿಂದ ಉಜ್ಜಿ ಉಜ್ಜಿ ತೆಗೆದರು. ಹೊಸ ಬಟ್ಟೆಯನ್ನು ಅರ್ಧಕ್ಕೆ ಮಡಚಿ, ಎರಡೂ ಕಡೆ ಅಂಟು ಹಚ್ಚಿ, ಅದು ಬೆರಳಿಗೆ ಹತ್ತದಷ್ಟು ಒಣಗುವ ತನಕ ಸುಮ್ಮನೆ ಕಾದರು. ಆಮೇಲೆ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತ ಹೋದರು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಹಲಗೆ ಸಿದ್ಧವಾಗಿ ಟೆರೇಸಿನ ಗೋಡೆಗೆ ಒರಗಿತ್ತು.

ಸೋಮವಾರ ಅದನ್ನು ಕೂರಿಸುತ್ತಾರೆಂದುಕೊಂಡರೆ ಕೂರಿಸಲಿಲ್ಲ. ಕೀಲಿಕೈ ಕೇಳಿದೆ. ಇನ್ನೆರಡು ದಿನ ತಮ್ಮ ಬಳಿಯೇ ಇರಲಿ ಎಂದರು. ಮುಖ ಕೊಟ್ಟು ಮಾತಾಡಲಿಲ್ಲ. ಸಂಜೆ ಮೇಲೆ ಬಂದು, ಈ ಗಾಡಿಯನ್ನು ಯಾರು ಕೊಡಿಸಿದರು, ಮೊದಲು ಯಾರದಿತ್ತು, ಹಳೆಯ ಕಾಗದಗಳೆಲ್ಲಿ, ಎಲ್ಲಾದರೂ ಗುದ್ದಿತ್ತೇ ಎಂದೆಲ್ಲ ಕೇಳಿದರು. ಕಾಗದ ಯಾಕೆ ಬೇಕೆಂದು ಕೇಳಿದೆ. ಸುಮ್ಮನೆ ಎಂದರು. ಏನನ್ನೂ ಸುಮ್ಮನೆ ಕೇಳುವ ಮನುಷ್ಯ ಅವರಲ್ಲ.

ಮಂಗಳವಾರ ನಾನೂ ಮಗಳೂ ಆಟೋದಲ್ಲಿ ಹೋಗಿ ಬಂದೆವು. ಗೇಟಿನಲ್ಲಿ ವಾಚ್‌ಮನ್ನಿನ ಹೆಂಡತಿ ತೆಲುಗಿನಲ್ಲಿ ಗುಟ್ಟಾಗಿ ಹೇಳಿದಳು. ಮಧ್ಯಾಹ್ನ ಬಿಳಿಗಡ್ಡದ ಯಾರೋ ಒಬ್ಬರು ಬಂದಿದ್ದರಂತೆ. ಅಂಕುಲ್ ಅವರಿಗೆ ಗಾಡಿ ತೆಗೆದು ತೋರಿಸಿದರಂತೆ. ಅವರು ಟಾರ್ಚು ಹಾಕಿ, ಟೇಪು ಹಿಡಿದು, ಕೆಳಗೆ ಮಲಗಿ ಎಲ್ಲ ನೋಡಿದರಂತೆ. ಕೇಳಿದ್ದಕ್ಕೆ ಅಂಕುಲ್ ಗದರಿಸಿದರಂತೆ.

ನನ್ನ ತಲೆಯಲ್ಲಿ ಲೆಕ್ಕ ಕೂಡಿಬಂತು. ಗಿರಾಕಿ ನೋಡಿ ಹೋದ, ಕಾಗದ ಬೇಕಾಗಿದೆ, ಏನೋ ಕೆಟ್ಟಿದೆ ಎಂದು ನನ್ನನ್ನು ಹೆದರಿಸಿ ಅಗ್ಗಕ್ಕೆ ಹೊಡೆಯುವ ಯೋಚನೆ. ಅಣ್ಣನಿಗೆ ಫೋನು ಮಾಡಿದೆ. ಕಾಕಾ ಒಳಚಾವಣಿ ಬಿಚ್ಚಿ ಕೀಲಿಕೈ ಇಟ್ಟುಕೊಂಡಿದ್ದಾರೆ ಎಂದೆ. ಪೂರಾ ಬಿಚ್ಚಿದ್ದಾರೆಯೇ ಎಂದು ಅವನು ಕೇಳಿದ. ಆಮೇಲೆ ನಾಳೆ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಏನೂ ಅನ್ನಬೇಡ ಎಂದ.

ಬುಧವಾರ ಮಧ್ಯಾಹ್ನ ರಜೆ ಹಾಕಿ ಬಂದೆ. ಅಣ್ಣ ಬರುವ ತನಕ ಕಾಯುವಷ್ಟು ತಾಳ್ಮೆ ಇರಲಿಲ್ಲ. ಕಾಕಾ ಅಂಗಳದಲ್ಲಿ ಕಾರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ನಾನು ಅಂದುಕೊಂಡಿದ್ದನ್ನೆಲ್ಲ ಅಂದುಬಿಟ್ಟೆ. ನನ್ನ ಗಾಡಿಯನ್ನು ನನಗೆ ತಿಳಿಯದ ಹಾಗೆ ಮಾರಲು ಹೊರಟಿದ್ದೀರಿ ಎಂದೆ. ವಯಸ್ಸಾದ ಮೇಲೆ ಇಂಥ ಬುದ್ಧಿ ಯಾಕೆ ಎಂದೆ. ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದೆ. ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಕಾಕು ಬಾಗಿಲಿಗೆ ಬಂದವಳು ಒಳಗೆ ಹೋಗಿಬಿಟ್ಟಳು.

ಅಷ್ಟರಲ್ಲಿ ಅಣ್ಣ ಬಂದ. ಬೈಕು ನಿಲ್ಲಿಸಿ ನೇರ ಹೋಗಿ ಕೀಲಿಕೈ ಕೊಡಿ ಎಂದ. ಕಾಕಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಗಾಡಿ ಕೊಡಿಸಿದವರು ನೀವೇನ್ರಿ?”

ಅಣ್ಣ ಹೌದೆಂದ. ಕಾಕಾ ಅಂಗಿಯ ಕಿಸೆಯಿಂದ ಕೀಲಿಕೈ ತೆಗೆದು, ಅವನು ಚಾಚಿದ ಕೈ ಬಿಟ್ಟು ನನ್ನ ಅಂಗೈಯಲ್ಲಿ ಇಟ್ಟರು.

“ತಂಗಿ, ನೀವು ಒಳಗ ಕೂತು ಒಂದಿಷ್ಟು ಮ್ಯಾಲ ನೋಡ್ರಿ. ಹ್ಯಾಂಗ ಹೇಳಬೇಕಂತ ತಿಳೀಲಾರದ ನಾಕು ದಿನ ಆತು.”

ನಾನು ಬಾಗಿಲು ತೆಗೆಯುತ್ತಿದ್ದೆ. ಅಣ್ಣ ಹೊರಗೇ ನಿಂತು, ಒಳಗೆ ಬಗ್ಗಿಯೂ ನೋಡದೆ, “ಅದು ಗಟ್ಟಿ ಐತ್ರಿ. ವೆಲ್ಡಿಂಗ್ ಗಟ್ಟಿ ಐತಿ” ಎಂದ.

ನಾನು ಹಿಂದಿನ ಸೀಟಿನಲ್ಲಿ ಕೂತು ತಲೆಯೆತ್ತಿದೆ. ಬಟ್ಟೆಯಿಲ್ಲದ ಚಾವಣಿಯ ಬರೀ ತಗಡು. ಮುಂದಿನ ಭಾಗ ಬಿಳಿ, ಹಿಂದಿನ ಭಾಗ ಕಡುಗೆಂಪು. ಹೊರಗಿನ ಬೆಳ್ಳಿಬಣ್ಣ ಎರಡರಲ್ಲೂ ಇಲ್ಲ. ನಡುವೆ ಈ ಬಾಗಿಲಿನ ಕಂಬದಿಂದ ಆ ಬಾಗಿಲಿನ ಕಂಬದವರೆಗೆ ಒಂದು ಉಬ್ಬುಗೆರೆ. ಕಾಕಾ ಕಿಟಕಿಯಿಂದ ಕೈಹಾಕಿ ಗೆರೆಯ ಒಂದು ಜಾಗ ತೋರಿಸಿದರು. ನಾನು ಬೆರಳಿಟ್ಟೆ. ತುಕ್ಕು ಬೆರಳಿಗೆ ಪುಡಿಪುಡಿಯಾಗಿ ಹತ್ತಿತು.

“ಎರಡು ಗಾಡಿ ಕಡದು ಒಂದು ಮಾಡ್ಯಾರ. ಮುಂದಿಂದು ಒಂದರದು, ಹಿಂದಿಂದು ಇನ್ನೊಂದರದು. ಜೀಡಿಮೆಟ್ಲಾದಾಗ ಟ್ಯಾಂಕರ್ ವೆಲ್ಡಿಂಗ್ ಮಾಡೋ ನಮ್ಮ ಗುರ್ತಿನ ಹಿರೇರನ್ನ ಕರಿಸಿ ತೋರಿಸಿದೆ. ಒಂದು ಜೋರ ಪೆಟ್ಟು ಬಿದ್ರ ಇದು ಬಿಡತೈತಿ ಅಂದ್ರು. ನಿಮ್ಮ ಮಗಳು ಕೂಡೋದು ಈ ಗೆರಿ ಹಿಂದ.”

ನನ್ನ ಬೆರಳು ಇನ್ನೂ ಆ ಗೆರೆಯ ಮೇಲಿತ್ತು. ಕಾಕಾ ವೆಲ್ಡಿಂಗ್ ಎಂಬ ಮಾತನ್ನು ಈಗ ಆಡಿದ್ದರು. ಅಣ್ಣ ಅದನ್ನು ಆಗಲೇ ಆಡಿದ್ದ. ಕಿಟಕಿಯಿಂದ ಅವನ ಕಡೆ ನೋಡಿದೆ. ಅವನು ಬೈಕಿನ ಕನ್ನಡಿಯನ್ನು ಸರಿಮಾಡುತ್ತಿದ್ದ.

ಆಮೇಲೆ ಅಣ್ಣನೇ ಮಾತು ತೆಗೆದ. ಹಲಗೆ ಹೇಗೂ ಸಿದ್ಧವಿದೆ, ಕೂರಿಸಿ ಮುಚ್ಚಿಬಿಡೋಣ, ಒಂದು ವಾರದಲ್ಲಿ ಗಿರಾಕಿ ಹುಡುಕುತ್ತೇನೆ, ಬೇರೆ ಗಾಡಿ ಕೊಳ್ಳೋಣ ಎಂದ. ಬೇಡವೆಂದವರು ಕಾಕಾ.

“ನಾ ಮುಚ್ಚಂಗಿಲ್ರಿ. ನೌಕರಿಗೆ ಸೇರಿದ ಹೊಸದರಾಗ ಒಂದು ಬರ್ತ್ ಬಂದಿತ್ತು. ಒಳಗಿನ ಹಲಗಿ ಪೂರಾ ಕೊಳತಿತ್ತು. ಸಾಹೇಬ್ರು ಗಾಡಿ ಹೊರಡಬೇಕು, ರೆಕ್ಸಿನ್ ಹಾಕು ಅಂದ್ರು. ಹಾಕಿದೆ. ಆ ಗಾಡಿ ಎಲ್ಲಿ ಹೋತು, ಅದರ ಮ್ಯಾಲ ಯಾರು ಮಲಗಿದ್ರು, ಬಿತ್ತೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ. ನಿಮ್ಮ ಗಾಡಿ ಕೊಳ್ಳಾವನ ಹೆಸರೂ ನನಗ ಗೊತ್ತಾಗಂಗಿಲ್ಲ.”

ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಮೊದಲ ಸಲ ಕೇಳಿದೆ. ಗಾಡಿಯನ್ನು ಗುಜರಿಗೆ ಹಾಕುತ್ತೇನೆ ಎಂದೆ. ಕಾಕಾ, ನಿಜವಾಗಿಯೂ ಹಾಕುತ್ತೀರಾ ಎಂದು ಎರಡು ಸಲ ಕೇಳಿದರು. ನಂತರ ಟೆರೇಸಿಗೆ ಹೋಗಿ ಹಲಗೆಯನ್ನು ತಂದರು. ಆ ಬಿಸಿಲಿನಲ್ಲಿ ಹೊಸ ಬಟ್ಟೆ ಮದುವೆಮನೆಯ ಹಾಸಿನಂತೆ ಕಾಣುತ್ತಿತ್ತು. ಅದನ್ನು ಮೊಣಕಾಲಿಗೆ ಕೊಟ್ಟು ನಡುವೆ ಮುರಿದರು. ಮುರಿದ ಎರಡನ್ನೂ ಮತ್ತೆ ಮುರಿದರು. ಗುಜರಿಯವನು ಗಾಡಿಯನ್ನು ಆ ಹಲಗೆಯಿಂದ ಮುಚ್ಚಿ ಯಾರಿಗಾದರೂ ಮಾರಿಯಾನೆಂಬ ಸಂಶಯ ಅವರಿಗೆ. ಗಾಡಿ ಗುಜರಿಗೆ ಹೋದ ದಿನ ತಾವೂ ಹೋಗಿ, ಅದು ತುಂಡಾಗುವ ತನಕ ಅಲ್ಲಿ ನಿಂತು ಬಂದರು.

ಆ ಬುಧವಾರದ ಮಾರನೆಯ ದಿನವೇ ನಾನು ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಕಾಕಾ ಬಾಗಿಲಿನಲ್ಲೇ ನಿಂತು ಕೇಳಿಸಿಕೊಂಡರು.

“ನೀವು ಸಂಶಯಪಟ್ಟದ್ದು ಬರೋಬರಿ ಐತಿ” ಎಂದರು. “ನನ್ನ ಮನಸಿನ್ಯಾಗೂ ಬ್ಯಾರೆ ಇತ್ತು. ನಿಮ್ಮ ಗಾಡಿ ಬಾಗಿಲ ಸಂದು ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಕಾಣತಿತ್ತು. ಒಳಗ ನೋಡಬೇಕಂತನ ಪುಕ್ಕಟೆ ಮಾಡತೀನಿ ಅಂದೆ. ಮಾರೋ ಮುಂದ ಹೇಳ್ರಿ ಅಂದಿದ್ದೂ ಅದಕ್ಕ.”

ಅಷ್ಟು ಹೇಳಿ ಒಳಗೆ ಹೋದರು. ಅವರಿಗೆ ನೋವೇನೂ ಆಗಿಲ್ಲ, ತಮ್ಮಂತೆಯೇ ಇನ್ನೊಬ್ಬಳು ಸಿಕ್ಕಳೆಂದು ಒಳಗೊಳಗೆ ಸಮಾಧಾನವೇ ಆಗಿದೆ ಎಂದುಕೊಂಡು ನಾನು ಮೆಟ್ಟಿಲು ಹತ್ತಿದೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಎದುರು ಸಿಕ್ಕರೆ ಮಗಳ ಓದು ವಿಚಾರಿಸುತ್ತಿದ್ದರು, ಕಾರಿನ ಬದಲಿಗೆ ನಾವು ಕೊಂಡ ಹೊಸ ಸ್ಕೂಟರಿನ ಬ್ರೇಕು ಒತ್ತಿ ನೋಡುತ್ತಿದ್ದರು, ಅಷ್ಟೆ.

ಅಣ್ಣನೊಡನೆ ಜಗಳ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಅವನು ತನಗೇನೂ ಗೊತ್ತಿರಲಿಲ್ಲವೆಂದು ಆವತ್ತೇ ಹೇಳಿದ. ನಾನು ಹೂಂ ಎಂದೆ. ನಾಗರಪಂಚಮಿಗೆ ತವರೆಂದು ಅವನ ಮನೆಗೆ ಹೋಗುವುದು, ಉಂಡಿ ಕಟ್ಟಿಸಿಕೊಂಡು ಬರುವುದು ನಿಲ್ಲಲಿಲ್ಲ. ಆದರೆ ಅವನು ಕೊಡಿಸಿದ ಮಿಕ್ಸರನ್ನು ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿದೆ. ಮಗಳಿಗೆ ಒಂದು ಸಂಬಂಧ ಇದೆ ಎಂದು ಅವನು ಹೇಳಿದಾಗ, ಅವನಿಗೆ ತಿಳಿಯದ ಹಾಗೆ ಬೇರೆಯವರಿಂದ ವಿಚಾರಿಸಿದೆ. ಅವನು ಅತ್ತಿಗೆಯೊಂದಿಗೆ ದನಿ ತಗ್ಗಿಸಿ ಮಾತಾಡಿದರೂ ನನ್ನ ಕಿವಿ ಆ ಕಡೆಯೇ ಇರುತ್ತಿತ್ತು. ಹೀಗೆ ಐದು ವರ್ಷ.

ಈ ವರ್ಷದ ಆರಂಭದಲ್ಲಿ ಕಾಕಾ ತೀರಿಕೊಂಡರು. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಸಲೈನಿನ ಬಾಟಲಿಯ ಮೇಲಿನ ಅಕ್ಷರವನ್ನು ಓದಿ ಹೇಳದೆ ನರ್ಸಿಗೆ ಕೈ ಕೊಡುತ್ತಿರಲಿಲ್ಲವಂತೆ. ಹದಿನಾಲ್ಕನೆಯ ದಿನದ ಮೇಲೆ ಒಂದು ಮಧ್ಯಾಹ್ನ ಕಾಕುವಿನ ಬಳಿ ಕೂತಿದ್ದೆ. ಆಕೆಯೇ ಆ ಬುಧವಾರದ ಮಾತು ತೆಗೆದಳು. ಕಾಕಾ ಅಂಗಳದಿಂದ ಒಳಗೆ ಬಂದವರು ಊಟ ಮಾಡಲಿಲ್ಲವಂತೆ. ಹಿತ್ತಿಲ ಬಾಗಿಲಿನಲ್ಲಿ ಕೂತು ಬೆರಳಿಗೆ ಹತ್ತಿದ್ದ ಅಂಟನ್ನು ಸಂಜೆಯ ತನಕ ಕಿತ್ತರಂತೆ. ಎಲ್ಲರ ಮುಂದೆ ನಾನು ಅಂದ ಮಾತಿಗೆ ಹಾಗಾದರು ಎಂದು ತಿಳಿದು, ತಪ್ಪು ನನ್ನದು ಕಾಕು ಎಂದೆ. ಆಕೆ ತಲೆ ಅಲ್ಲಾಡಿಸಿದಳು.

“ನೀ ಅಂದದ್ದಕ್ಕ ಅಲ್ಲವ್ವಾ. ‘ಆ ಹೆಣ್ಣಮಗಳು ಇನ್ನ ಅಣ್ಣನ್ನ ನಂಬಂಗಿಲ್ಲ. ನನ್ನ ರೋಗ ಆಕಿಗೆ ಹಚ್ಚಿ ಬಂದೆ’ ಅಂದ್ರು. ನಿಮ್ಮ ಅಣ್ಣ ಬಂದಾಗೆಲ್ಲ ಕಿಡಕ್ಯಾಗಿಂದ ನೋಡವ್ರು. ನೀವಿಬ್ಬರೂ ನಕ್ಕೋತ ಗೇಟಿನ ತನಕ ಹೋದಿರೋ ಇಲ್ಲೋ ಅಂತ.”

ಅಲ್ಲಿ ಇನ್ನು ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಬೀದಿಗೆ ಬಂದವಳು ಆಟೋ ಹಿಡಿದು ಸನತ್‌ನಗರಕ್ಕೆ ಹೋದೆ. ಅಣ್ಣ ಶೆಡ್ಡಿನಲ್ಲಿ ಒಬ್ಬನೇ ಇದ್ದ. ನನ್ನನ್ನು ಕಂಡು, ಯಾರಿಗೇನಾಯಿತೋ ಎಂದು ಗಾಬರಿಯಿಂದ ಮಶೀನು ನಿಲ್ಲಿಸಿದ. ಯಾರಿಗೂ ಏನೂ ಆಗಿಲ್ಲ ಎಂದೆ. ಐದು ವರ್ಷದ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದೆ.

“ಆ ಗಾಡಿ ಹಂಗಿತ್ತು ಅಂತ ನಿನಗ ಗೊತ್ತಿತ್ತೇನು?”

ಅವನು ಹತ್ತಿ ಎಳೆಗಳ ಉಂಡೆಯಿಂದ ಕೈಯ ಎಣ್ಣೆ ಒರೆಸತೊಡಗಿದ.

“ಅನುಮಾನ ಬಂದಿತ್ತು” ಎಂದ. “ಮಾರಿದವ ಸಣ್ಣದೊಂದು ವೆಲ್ಡಿಂಗ್ ಐತಿ, ಗಟ್ಟಿ ಐತಿ ಅಂದ. ಬಟ್ಟಿ ತಗದು ತೋರಸು ಅನಬೇಕಿತ್ತು, ಅನಲಿಲ್ಲ. ನೋಡಿದ್ರ ಬ್ಯಾಡ ಅನಬೇಕಾಗ್ತಿತ್ತು. ನೀ ಗಾಡಿ ಯಾವಾಗ, ಗಾಡಿ ಯಾವಾಗ ಅಂತ ದಿನಾ ಕೇಳಾಕತ್ತಿದ್ದಿ.” ಕೈ ಒರೆಸುವುದನ್ನು ನಿಲ್ಲಿಸಿದ. “ನಿನ್ನ ಮಗಳು ಹಿಂದ ಕೂಡತಾಳಂತ ನನಗ ಆಮ್ಯಾಲ ತಿಳೀತು. ಅಲ್ಲಿಂದ ನನಗ ಸರಿಯಾಗಿ ನಿದ್ದಿ ಇಲ್ಲ. ಆವತ್ತ ನಾ ಗೊತ್ತಿಲ್ಲ ಅಂದಾಗ ಯಾಕ ತಿರುಗಿ ಕೇಳಲಿಲ್ಲ ನೀ?”

“ನೀ ಮತ್ತ ಇಲ್ಲ ಅಂತಿ, ನಾ ನಂಬಂಗಿಲ್ಲ, ಅಂತ ಹೆದರಿದ್ದೆ.”

ಅವನು ಮಶೀನಿನ ಮೇಲಿನ ದೀಪ ಆರಿಸಿ, ಶಟರು ಎಳೆದು, ಬೈಕಿನ ಹಿಂದಿನ ಸೀಟನ್ನು ಅಂಗೈಯಿಂದ ಒರೆಸಿದ. ಅತ್ತಿಗೆ ರೊಟ್ಟಿ ಬಡಿಯುತ್ತಿರುತ್ತಾಳೆ, ಉಂಡು ಹೋಗುವೆಯಂತೆ ನಡಿ ಎಂದ. ನಾನು ಹತ್ತಿ ಕೂತೆ.